ನಾಯಿಮರಿ ಅಂದರೆ ಸಣ್ಣ ಎಮ್ಮೆಯಲ್ಲ

ಆಷಾಢದ ಜಿಟಿಜಿಟಿ ಹಿಡಿಯಿತೆಂದರೆ ನನಗೆ ಬರುವ ಪತ್ರಗಳ ವಿಷಯ ಬದಲಾಗುತ್ತದೆ. ಬೇಸಿಗೆಯಲ್ಲಿ ಕೆಚ್ಚಲು ಬಾವು, ಹಾಲು ಇಳಿಯೋದು ಅಂತ ಬರೆಯುತ್ತಿದ್ದವರು ಈಗ ಉಣ್ಣಿ, ಚಿಗಟ ಅಂತ ಬರೆಯುತ್ತಾರೆ. ಈ ಸಲ ಅದರಲ್ಲೂ ನಾಯಿಮರಿಗಳದೇ ಕಾರುಬಾರು. ಆದ್ದರಿಂದ ಈ ಸಂಚಿಕೆಯ ಪುಟ ಪೂರ್ತಿ ಅವಕ್ಕೇ ಬಿಟ್ಟಿದ್ದೇನೆ. ದನದ ಬಗ್ಗೆ ಬರೆದವರು ಸಿಟ್ಟಾಗಬೇಡಿ, ನಿಮ್ಮ ಪಾಳಿ ಮುಂದಿನ ತಿಂಗಳು.

ಪ್ರಶ್ನೆ: ಮಾನ್ಯರೇ, ಹೋದ ವಾರ ನಮ್ಮ ಯಜಮಾನರು ಮುಧೋಳ ಬೇಟೆ ನಾಯಿಯ ಮರಿ ತಂದಾರೆ. ನಲವತ್ತು ದಿನದ್ದು. ಕಿವಿಯೊಳಗೆ, ಕಾಲ್ಬೆರಳ ಸಂದಿಯಲ್ಲಿ ಉಣ್ಣಿ ಗಿಜಿಗಿಜಿ ಅಂತಾವೆ. ‘ಎಮ್ಮೀಗೆ ಹಚ್ಚೂ ಔಷಧ ಮನ್ಯಾಗ ಐತಿ, ಒಂದು ಮುಚ್ಚಳ ಬಕೀಟಿಗೆ ಹಾಕಿ ಮೈ ತೊಳಿ, ಏನೂ ಆಗೂದಿಲ್ಲ’ ಅಂತಾರೆ ನಮ್ಮ ಮಾವನವರು. ಔಷಧ ಅಂಗಡಿಯವರು 10ರಿಂದ 20 ಕೆಜಿ ನಾಯಿಗೆ ಹಾಕುವ ಹನಿ ಔಷಧದ ಒಂದು ಕೊಳವೆ ಕೊಟ್ಟು, ‘ಅರ್ಧ ಹಾಕ್ರಿ, ಅರ್ಧ ಇಟ್ಟುಕೊಳ್ರಿ’ ಅಂದಾರೆ. ಎರಡರಲ್ಲಿ ಯಾವುದು ಹಾಕಲಿ? ಇನ್ನೂ ಯಾವುದೂ ಹಾಕಿಲ್ಲ.
— ಓದುಗಿ, ಲೋಕಾಪುರ

ಉತ್ತರ: ಎರಡೂ ಬೇಡ, ತಂಗಿ. ನಿಮ್ಮ ಪತ್ರದಲ್ಲಿ ನನಗೆ ಜೀವ ಬಂದಂತಾಗಿದ್ದು ಕಡೇ ಸಾಲು ಓದಿದಾಗ.

ಮೊದಲು ಮಾವನವರ ಔಷಧ. ಬಾಟಲಿಯ ಹೆಸರು ನೀವು ಬರೆದಿಲ್ಲ. ಆದರೆ ನಮ್ಮ ಕಡೆ ಗೋದಲಿಯ ಮೇಲಿನ ಗೂಡಿನಲ್ಲಿ ಇರುವ ಬಾಟಲಿ ಅಂದರೆ ಹತ್ತಕ್ಕೆ ಒಂಬತ್ತು ಸಲ ಅಮಿಟ್ರಾಜ್, ಇಲ್ಲವೇ ಡೆಲ್ಟಾಮೆಥ್ರಿನ್, ಇಲ್ಲವೇ ಸೈಪರ್‌ಮೆಥ್ರಿನ್. ಇವು ಕೆಟ್ಟ ಔಷಧಗಳಲ್ಲ. ದೊಡ್ಡ ನಾಯಿಗೆ ಹಟಮಾರಿ ಕಜ್ಜಿ ಆದಾಗ ಅಮಿಟ್ರಾಜನ್ನು ನಾನೇ ಎಷ್ಟೋ ಸಲ ಬರೆದುಕೊಟ್ಟಿದ್ದೇನೆ. ಆದರೆ ನಾಯಿಗಳಿಗೆಂದೇ ಬರುವ ಅಮಿಟ್ರಾಜ್ ಕುತ್ತಿಗೆ ಪಟ್ಟಿಯ ಮೇಲೂ ಹನ್ನೆರಡು ವಾರದೊಳಗಿನ ಮರಿಗೆ ಕಟ್ಟಬೇಡಿ ಎಂದಿರುತ್ತದೆ. ಮೈ ತೊಳೆಯುವ ದ್ರಾವಣಕ್ಕೆ ನಾಲ್ಕು ತಿಂಗಳು ಅಂದವರೂ ಇದ್ದಾರೆ. ನಿಮ್ಮ ಮರಿಗೆ ಇನ್ನೂ ಆರು ವಾರವೇ ತುಂಬಿಲ್ಲ. ಅದು ಮೈಗೆ ಇಳಿದರೆ ಮರಿ ಮಂಪರು ಹಿಡಿದು ಬೀಳುತ್ತದೆ, ಎದೆಬಡಿತ ನಿಧಾನವಾಗುತ್ತದೆ, ಮೈ ತಣ್ಣಗಾಗುತ್ತದೆ, ವಾಂತಿ ಮಾಡುತ್ತದೆ. ‘ಸ್ನಾನ ಮಾಡಿಸಿದ ಮ್ಯಾಲ ಚಲೋ ನಿದ್ದಿ ಹತ್ತೇತಿ ಬಿಡ್ರಿ’ ಅಂತ ಮನೆಯವರು ಖುಷಿಪಡುತ್ತಿರುತ್ತಾರೆ. ಅದು ನಿದ್ದೆಯಲ್ಲ.

ಇನ್ನು ಆ ಮುಚ್ಚಳದ ಅಳತೆ. ನಾನು ಕಂಡಂತೆ ನಮ್ಮ ಹಳ್ಳಿಗಳಲ್ಲಿ ಮೂರು ಅಳತೆಗಳಿವೆ: ಮುಚ್ಚಳ, ಚಹಾದ ಕಪ್ಪು, ‘ಅಂದಾಜ’. ನಾಲ್ಕು ನೂರು ಕೆಜಿಯ ಎಮ್ಮೆಗೆ ಅಂದಾಜು ನಡೆದುಹೋಗುತ್ತದೆ, ಚರ್ಮ ದಪ್ಪ, ಮೈ ದೊಡ್ಡದು. ಮೂರು ಕೆಜಿಯ ಮರಿಯದು ಬೇರೆ ಲೆಕ್ಕ. ತೂಕಕ್ಕೆ ಹೋಲಿಸಿದರೆ ಮರಿಯ ಚರ್ಮದ ಹರವು ಬಹಳ, ಅದೂ ತೆಳ್ಳಗೆ. ಔಷಧವನ್ನು ಒಡೆದು ಹೊರಗೆ ಹಾಕಬೇಕಾದ ಯಕೃತ್ತು ಇನ್ನೂ ಪೂರ್ತಿ ಕೆಲಸಕ್ಕೆ ಬಂದಿರುವುದಿಲ್ಲ. ಮೇಲಾಗಿ ಎಮ್ಮೆ ನೆಕ್ಕಿಕೊಳ್ಳುವುದಕ್ಕಿಂತ ಹತ್ತು ಪಟ್ಟು ನಾಯಿಮರಿ ತನ್ನನ್ನು ನೆಕ್ಕಿಕೊಳ್ಳುತ್ತದೆ. ಮೈಗೆ ಹಚ್ಚಿದ್ದರಲ್ಲಿ ಒಂದು ಪಾಲು ಹೊಟ್ಟೆಗೇ ಹೋಗುತ್ತದೆ. ಮುಧೋಳ ನಾಯಿಯ ಮೈಕಟ್ಟು ನೋಡಿದ್ದೀರಲ್ಲ, ಎಲುಬು ಎಣಿಸುವಂಥದ್ದು, ಕೊಬ್ಬು ಅಂಬೋದೇ ಇಲ್ಲ. ಇದೇ ಮೈಕಟ್ಟಿನ ಗ್ರೇಹೌಂಡ್ ನಾಯಿಗಳಲ್ಲಿ ಕೆಲವು ಅರಿವಳಿಕೆ ಔಷಧಗಳು ಬೇಗ ಇಳಿಯುವುದಿಲ್ಲ ಎಂಬುದು ಡಾಕ್ಟರುಗಳಿಗೆಲ್ಲ ಗೊತ್ತಿರುವ ಮಾತು. ಹಾಗಾಗಿ ಬೇಟೆ ನಾಯಿಯ ಮರಿ ಮೇಜಿನ ಮೇಲೆ ಬಂದರೆ ನನ್ನ ಕೈ ತಾನಾಗಿ ಒಂದಿಷ್ಟು ಬಿಗಿ ಹಿಡಿಯುತ್ತದೆ.

ಅಂಗಡಿಯವರ ಮಾತಿಗೆ ಬರೋಣ. ಅವರ ಲೆಕ್ಕ ತಪ್ಪಲ್ಲ, ಇದನ್ನು ಒಪ್ಪಿಕೊಳ್ಳಬೇಕು. ಫಿಪ್ರೊನಿಲ್ ಹನಿ ಔಷಧದಲ್ಲಿ 10ರಿಂದ 20 ಕೆಜಿಯ ಕೊಳವೆಯಲ್ಲಿ 1.34 ಮಿಲಿ ಇರುತ್ತದೆ. 10 ಕೆಜಿಯೊಳಗಿನ ನಾಯಿಯ ಕೊಳವೆಯಲ್ಲಿ 0.67 ಮಿಲಿ, ಅಂದರೆ ಸರಿಯಾಗಿ ಅರ್ಧ. ಆದರೆ ಆ ಕೊಳವೆಗೆ ಗೀಟು ಇಲ್ಲ. ಅದರ ಕುತ್ತಿಗೆ ಮುರಿದು ಹಿಂಡಿದಾಗ ಅರ್ಧಕ್ಕೆ ನಿಲ್ಲಿಸುವ ಕೈ ನನಗಂತೂ ಇಲ್ಲ. ಒಮ್ಮೆ ಮುರಿದ ಕೊಳವೆಯನ್ನು ಮುಂದಿನ ತಿಂಗಳಿಗೆ ಇಡಲಿಕ್ಕೂ ಬರುವುದಿಲ್ಲ. ಎಲ್ಲಕ್ಕಿಂತ ದೊಡ್ಡ ಮಾತು, ಈ ಹನಿ ಔಷಧ ಎಂಟು ವಾರ ತುಂಬಿದ ಮೇಲಿನದು. ಅರ್ಧ ಮಾಡಿದರೆ ಔಷಧ ಕಡಿಮೆಯಾದೀತು, ಮರಿಯ ವಯಸ್ಸು ಹೆಚ್ಚಾಗುವುದಿಲ್ಲ. ಹಿಂತಿರುಗಿಸಿ ರೊಕ್ಕ ಇಸಕೊಳ್ಳಿ. ಕೊಡದಿದ್ದರೆ ಹೋಗಲಿ ಬಿಡಿ.

ಹಾಗಾದರೆ ಏನು ಮಾಡಬೇಕು? ಮೊದಲು ಕೈಯಿಂದ ತೆಗೆಯಿರಿ. ಹುಬ್ಬು ಕೀಳುವ ಸಣ್ಣ ಚಿಮಟ ಮನೆಯಲ್ಲಿ ಇದ್ದೇ ಇರುತ್ತದೆ. ಉಣ್ಣಿಯ ಹೊಟ್ಟೆ ಹಿಡಿಯಬೇಡಿ, ಚರ್ಮಕ್ಕೆ ತಾಗಿದಂತೆ ಬಾಯಿಯ ಹತ್ತಿರ ಹಿಡಿದು, ತಿರುವದೆ, ಜಗ್ಗಾಡದೆ ನೇರ ಎಳೆಯಿರಿ. ಸಾಬೂನು ನೀರಿನ ಬಟ್ಟಲಿಗೆ ಹಾಕಿ. ಉಗುರಲ್ಲಿ ಒರೆಯಬೇಡಿ. ಕಿವಿಯ ಮಡಿಕೆ, ಕುತ್ತಿಗೆಯ ಪಟ್ಟಿಯ ಕೆಳಗೆ, ಬಗಲು, ಬಾಲದ ಬುಡ, ಬೆರಳ ಸಂದಿ, ಈ ಐದು ಜಾಗ ದಿನಾ ಸಂಜೆ ನೋಡಿ. ಒಂದೇ ದಿನ ಎಲ್ಲವನ್ನೂ ತೆಗೆದುಬಿಡುತ್ತೇನೆ ಅಂತ ಮರಿಯನ್ನು ತಾಸುಗಟ್ಟಲೆ ಗೋಳುಹೊಯ್ದುಕೊಳ್ಳಬೇಡಿ.

ಎರಡನೆಯದು ತೂಕ. ಕಿರಾಣಿ ಅಂಗಡಿಯ ಕಾಟಾದ ಮೇಲೆ ಒಂದು ಬುಟ್ಟಿಯಿಟ್ಟು ಮರಿ ಕೂರಿಸಿ. ನನ್ನ ಸರ್ವೀಸಿನ ಕಾಲದಲ್ಲಿ ಮಹಾಲಿಂಗಪುರದ ಬೆಲ್ಲದ ಅಡತಿ ಅಂಗಡಿಯಲ್ಲಿ ಎಷ್ಟು ಮರಿಗಳನ್ನು ತೂಗಿಸಿದ್ದೇನೋ, ಅಲ್ಲಿನ ಹಮಾಲರು ನಾನು ಹೋದರೆ ಸಾಕು, ‘ಸಾಹೇಬ್ರ ಪೆಂಟಿ (ಬೆಲ್ಲದ ಅಚ್ಚು) ಬಂತು ನೋಡ್ರಲೇ’ ಅನ್ನುತ್ತಿದ್ದರು. ತೂಕ ಚೀಟಿಯಲ್ಲಿ ಬರೆದುಕೊಂಡು ಡಾಕ್ಟರ ಹತ್ತಿರ ಹೋಗಿ.

ಮೂರನೆಯದು ಔಷಧ, ಅದನ್ನು ಡಾಕ್ಟರು ಮರಿಯನ್ನು ಮುಟ್ಟಿ ನೋಡಿದ ಮೇಲೆಯೇ ಹಾಕಬೇಕು. ಈ ವಯಸ್ಸಿಗೆ ಹೊಂದುವುದು ಫಿಪ್ರೊನಿಲ್‌ನ 0.25 ಪ್ರತಿಶತದ ಸ್ಪ್ರೇ. ಅದನ್ನು ಎರಡು ದಿನದ ಮರಿಯಿಂದಲೇ ಬಳಸಬಹುದೆಂದು ಅದರ ಚೀಟಿಯಲ್ಲಿದೆ. ಹೆಸರು ಒಂದೇ ಆದರೂ ಹನಿ ಔಷಧ ಬೇರೆ, ಸ್ಪ್ರೇ ಬೇರೆ. ಗೊಂದಲ ಹುಟ್ಟುವುದೇ ಇಲ್ಲಿ. ಕೆಜಿಗೆ 3ರಿಂದ 6 ಮಿಲಿ ಲೆಕ್ಕ. ಸಣ್ಣ ಬಾಟಲಿಯಲ್ಲಿ ಒಂದು ಒತ್ತಿಗೆ ಸುಮಾರು ಅರ್ಧ ಮಿಲಿ ಬರುತ್ತದೆ. ಅದರಲ್ಲಿ ಸ್ಪಿರಿಟ್ ಇರುವುದರಿಂದ ಒಲೆ, ದೀಪದ ಹತ್ತಿರ ಹೊಡೆಯಬಾರದು, ಮುಚ್ಚಿದ ಕೋಣೆಯಲ್ಲೂ ಬೇಡ. ಮುಖಕ್ಕೆ ಹೊಡೆಯದೆ ಕೈಗವಸಿನ ಬೆರಳಿನಿಂದ ಸವರಬೇಕು. ಮೈ ಆರುವವರೆಗೆ ಮರಿ ಚಳಿಗೆ ಬೀಳದಂತೆ, ನೆಕ್ಕದಂತೆ ನೋಡಿಕೊಳ್ಳಬೇಕು. ನೆಕ್ಕಿದರೆ ಸ್ವಲ್ಪ ಹೊತ್ತು ಜೊಲ್ಲು ಸುರಿಸುತ್ತದೆ. ಹಿಂದಿನ ಎರಡು ದಿನ, ಮುಂದಿನ ಎರಡು ದಿನ ಸ್ನಾನ ಇಲ್ಲ. ಮನೆಯಲ್ಲಿ ಮೊಲ ಸಾಕಿದ್ದರೆ ಅದಕ್ಕೆ ಮಾತ್ರ ಫಿಪ್ರೊನಿಲ್ ಯಾವ ರೂಪದಲ್ಲೂ ತಾಗಬಾರದು, ಸಾಯುತ್ತದೆ.

ಇಷ್ಟೆಲ್ಲ ಮಾಡಿದ ಮೇಲೂ ಹತ್ತು ದಿನಕ್ಕೆ ‘ಮತ್ತ ಬಂದಾವ್ರಿ’ ಅಂತ ನೀವು ಬರೆಯುವವರೇ. ಯಾಕಂದರೆ ನಾಯಿಯ ಕಂದು ಉಣ್ಣಿ ಮರಿಯ ಮೈಮೇಲೆ ಉಂಡು, ಕೆಳಗಿಳಿದು, ಗೋಡೆ ಹತ್ತಿ ಬಿರುಕಿನಲ್ಲಿ ಮೊಟ್ಟೆ ಇಡುತ್ತದೆ. ಒಂದು ಹೆಣ್ಣು ಸಾವಿರಗಟ್ಟಲೆ ಇಡುತ್ತದೆ. ನಮ್ಮ ಮನೆಯಾಕೆ ಒಂದು ದಿನ ದೇವರ ಜಗುಲಿಯ ಹಿಂದಿನ ಗೋಡೆಯಲ್ಲಿ ಸಾಲಾಗಿ ಹತ್ತುತ್ತಿದ್ದ ಸಣ್ಣ ಚುಕ್ಕೆಗಳನ್ನು ನೋಡಿ, ನನ್ನನ್ನೂ ನಮ್ಮ ನಾಯಿ ಬಿಜಲಿಯನ್ನೂ ಒಟ್ಟಿಗೆ ಹಿತ್ತಲಿಗೆ ಅಟ್ಟಿದ್ದಳು. ಬಿರುಕುಗಳಿಗೆ ಸಿಮೆಂಟು ಮೆತ್ತಿ, ಮಣ್ಣಿನ ಗೋಡೆಯಾದರೆ ಸುಣ್ಣ ಹೊಡೆಸಿ, ಮರಿ ಮಲಗುವ ಜಾಗದ ಸಂದಿಗಳಿಗೆ ಕುದಿಯುವ ನೀರು ಹೊಯ್ಯಿರಿ. ಮರಿಯನ್ನು ದೂರ ಕಟ್ಟಿ ಹಾಕಿಯೇ, ಮತ್ತೆ. ಮೂರು ವಾರ ಬಿಟ್ಟು ಇನ್ನೊಮ್ಮೆ.

ಕಡೆಗೆ, ತುಟಿ ಎತ್ತಿ ಒಸಡು ನೋಡುವುದನ್ನು ಇವತ್ತೇ ಕಲಿಯಿರಿ. ಬೆರಳಿನಿಂದ ಒತ್ತಿ ಬಿಟ್ಟರೆ ಎರಡು ಸೆಕೆಂಡಿನೊಳಗೆ ಕೆಂಪು ತಿರುಗಿ ಬರಬೇಕು. ಒಸಡು ಬಿಳಿಚಿದ್ದರೆ, ಮರಿ ಹಾಲು ಬಿಟ್ಟಿದ್ದರೆ, ಮೈ ಸುಡುತ್ತಿದ್ದರೆ, ಉಚ್ಚೆ ಕರಿ ಚಹಾದಂತಿದ್ದರೆ, ಮೂಗಿನಲ್ಲಿ ರಕ್ತ ಕಂಡರೆ ಉಣ್ಣಿ ಆರಿಸುತ್ತ ಕೂರಬೇಡಿ, ಅದು ಉಣ್ಣಿ ಜ್ವರ ಇರಬಹುದು. ರಕ್ತ ಪರೀಕ್ಷೆ ಆಗಬೇಕು.

ನಲವತ್ತು ದಿನಕ್ಕೇ ಮರಿಯನ್ನು ತಾಯಿಯಿಂದ ಬಿಡಿಸಿ ಮಾರಿದವರ ಮೇಲೆ ನನಗೆ ಸಿಟ್ಟಿದೆ, ಅದನ್ನು ನಿಮ್ಮ ಮೇಲೆ ತೀರಿಸಿಕೊಳ್ಳುವುದಿಲ್ಲ. ಎಂಟು ವಾರ ತಾಯಿಯ ಹತ್ತಿರ ಬಿಡಬೇಕು. 2005ರಲ್ಲಿ ಅಂಚೆ ಚೀಟಿಯ ಮೇಲೆ ಬಂದ ನಾಯಿ ನಮ್ಮದು ಅಂತ ಹೆಮ್ಮೆಪಡುವ ನಾವು ಅದರ ಮರಿಗೆ ಇನ್ನೆರಡು ವಾರ ಹಾಲು ಬಿಡಲಾರೆವೇ? ನಿಮ್ಮದೇ ತಾಲ್ಲೂಕಿನ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನೆ ಮತ್ತು ಮಾಹಿತಿ ಕೇಂದ್ರವಿದೆ. ಈ ತಳಿಯನ್ನೇ ದಿನಾ ಕಾಣುವ ಜನ ಅಲ್ಲಿದ್ದಾರೆ. ಒಮ್ಮೆ ಹೋಗಿ ಬನ್ನಿ.

ಪ್ರಶ್ನೆ: ನಮ್ಮ ನಾಯಿ ಆಡಿನ ದೊಡ್ಡಿಯಲ್ಲಿ ಈದು ಹದಿನೈದು ದಿನ. ಆರು ಮರಿ. ಚಿಗಟ ವಿಪರೀತ ಹತ್ತಿವೆ, ನಮಗೂ ಕಡಿಯುತ್ತಿವೆ. ಮರಿಗಳಿಗೆ ಔಷಧ ಬೇಡ, ತಾಯಿಗಷ್ಟೇ ಹೊಡೆದರೆ ಸಾಕಲ್ಲವೇ?
— ರೈತ, ಗೋಕಾಕ ತಾಲ್ಲೂಕು

ಉತ್ತರ: ಈ ‘ತಾಯಿಗಷ್ಟೇ’ ಅನ್ನುವ ಮಾತಿಗೆ ನಾನೊಂದು ಬೆಲೆ ತೆತ್ತಿದ್ದೇನೆ. ಹೇಳಿಬಿಡುತ್ತೇನೆ.

1996ರ ಶ್ರಾವಣ. ಆಗ ನಾನು ಬೀಳಗಿ ತಾಲ್ಲೂಕಿನ ಕೃಷ್ಣಾ ದಂಡೆಯ ಒಂದು ಹಳ್ಳಿಯ ದವಾಖಾನೆಯಲ್ಲಿದ್ದೆ. ಆ ಊರು ಈಗ ಆಲಮಟ್ಟಿಯ ಹಿನ್ನೀರಿನ ಕೆಳಗಿದೆ. ಒಬ್ಬ ಅಜ್ಜಿ ಬಂದು, ಈದ ನಾಯಿಗೆ ಉಣ್ಣಿ ಬಹಳ ಅಂದಳು. ದವಾಖಾನೆಯಲ್ಲಿದ್ದ ಅಮಿಟ್ರಾಜನ್ನೇ ಅಳೆದು ಕೊಟ್ಟೆ. ಒಂದು ಲೀಟರ್ ನೀರಿಗೆ ಇಷ್ಟು ಅಂತ ಸರಿಯಾಗಿಯೇ ಹೇಳಿದೆ. ‘ಮರಿಗೆ ಹಚ್ಚಬ್ಯಾಡವಾ’ ಅಂತಲೂ ಹೇಳಿದೆ. ಆಕೆ ಹಚ್ಚಲಿಲ್ಲ. ತಾಯಿಗೆ ಮೀಯಿಸಿದಳು, ಒದ್ದೆ ಮೈಯ ತಾಯಿ ನೆಟ್ಟಗೆ ಹೋಗಿ ಮರಿಗಳ ಪಕ್ಕ ಮಲಗಿತು. ಐದೂ ಮರಿ ಆ ಒದ್ದೆ ಹೊಟ್ಟೆಗೆ ಬಾಯಿ ಹಚ್ಚಿದವು. ಸಂಜೆ ಆಕೆ ಬಂದಳು: ‘ಸಾಹೇಬ್ರ, ಮರಿ ಯಾಕೋ ಏಳವಲ್ಲವು.’

ಅದಕ್ಕೆ ಮಾರು ಔಷಧ, ಅಂದರೆ ವಿಷ ಇಳಿಸುವ ಔಷಧ ಇದೆ, ಯೊಹಿಂಬಿನ್, ಅಟಿಪಮಿಜೋಲ್ ಅಂತ. ನನ್ನ ದವಾಖಾನೆಯಲ್ಲಿ ಇರಲಿಲ್ಲ. ಬಿಸಿನೀರಿನ ಬಾಟಲಿ ಬಟ್ಟೆಯಲ್ಲಿ ಸುತ್ತಿ ಪಕ್ಕಕ್ಕಿಟ್ಟು, ಮರಿಗಳ ಮೈಯನ್ನು ಸಾಬೂನಿನ ಉಗುರುಬೆಚ್ಚನೆ ನೀರಿನಲ್ಲಿ ತೊಳೆದು ಒರೆಸಿ, ಸಕ್ಕರೆ ನೀರು ಕೊಡಲೋ ಬೇಡವೋ ಅಂತ ಯೋಚಿಸುತ್ತ ಕೂತೆ. ಅಮಿಟ್ರಾಜ್ ರಕ್ತದ ಸಕ್ಕರೆಯನ್ನು ಏರಿಸುತ್ತದೆ ಎಂಬುದು ನೆನಪಿಗೆ ಬಂದು ಬಿಟ್ಟೆ. ಎರಡು ಮರಿ ಬೆಳಗಿನ ಜಾವ ಹೋದವು. ಮೂರು ಉಳಿದವು. ಅಜ್ಜಿ ಬೈಯಲಿಲ್ಲ. ಬಾಟಲಿ ಕೈಯಲ್ಲಿ ಹಿಡಿದು, ‘ಇದರ ಮ್ಯಾಲ ಇದು ಬರದಿತ್ತೇನ್ರಿ?’ ಅಂತ ಕೇಳಿದಳು. ಆಕೆಗೆ ಓದು ಬರುತ್ತಿರಲಿಲ್ಲ. ನನಗೆ ಬರುತ್ತಿತ್ತು. ಮೂರು ತಿಂಗಳೊಳಗಿನ ಮರಿಗೆ ತಾಗಬಾರದು ಅಂತ ಸಾಸಿವೆ ಗಾತ್ರದ ಇಂಗ್ಲಿಷಿನಲ್ಲಿ ಇತ್ತು. ನಾನು ಓದಿರಲಿಲ್ಲ.

ಅಂದಿನಿಂದ ಹಾಲುಣಿಸುವ ತಾಯಿಗೆ ಏನೇ ಬರೆದರೂ, ಮರಿಗಳನ್ನು ಎಷ್ಟು ಹೊತ್ತು ಬೇರೆ ಇಡಬೇಕು ಎಂಬುದನ್ನು ಚೀಟಿಯ ಮೊದಲ ಸಾಲಿನಲ್ಲಿ ಬರೆಯುತ್ತೇನೆ.

ನಿಮ್ಮ ಆರು ಮರಿಗಳಿಗೆ ಚಿಗಟ ಸಣ್ಣ ಮಾತಲ್ಲ. ಹದಿನೈದು ದಿನದ ಮರಿಯ ಮೈಯಲ್ಲಿ ಇರುವ ರಕ್ತವೇ ಅಷ್ಟು. ಚಿಗಟ ಹೀರಿ ಹೀರಿಯೇ ಮರಿ ಸಾಯುವುದುಂಟು. ಒಂದು ಬಿಳಿ ಬಟ್ಟೆ ಒದ್ದೆ ಮಾಡಿ ಮರಿಯ ಕೆಳಗೆ ಹಾಸಿ ಬೆನ್ನು ಕೆರೆಯಿರಿ. ಬಿದ್ದ ಕರಿ ಪುಡಿ ಕೆಂಪಗೆ ಹರಡಿದರೆ ಅದು ಮಣ್ಣಲ್ಲ, ಚಿಗಟದ ಹಿಕ್ಕೆ, ಅಂದರೆ ಮರಿಯದೇ ರಕ್ತ. ಒಸಡು ಬಿಳಿಚಿದ ಮರಿಯಿದ್ದರೆ ಅದನ್ನು ಇವತ್ತೇ ಡಾಕ್ಟರಿಗೆ ತೋರಿಸಿ. ಉಳಿದವಕ್ಕೆ ಹೇನು ತೆಗೆಯುವ ಒತ್ತು ಹಲ್ಲಿನ ಹಣಿಗೆ. ದಿನಕ್ಕೆ ಎರಡು ಸಲ ಬಾಚಿ ಹಣಿಗೆಯನ್ನು ಸಾಬೂನು ನೀರಿನಲ್ಲಿ ಅದ್ದಿ. ಇಡೀ ಮರಿಯನ್ನು ನೀರಿಗೆ ಇಳಿಸಬೇಡಿ, ಈ ವಯಸ್ಸಿನಲ್ಲಿ ಮೈ ಕಾವು ತಾನಾಗಿ ಹಿಡಿದಿಟ್ಟುಕೊಳ್ಳಲು ಬರುವುದಿಲ್ಲ. ತಾಯಿಗೂ ಮರಿಗಳಿಗೂ ಮೇಲೆ ಹೇಳಿದ ಸ್ಪ್ರೇಯನ್ನೇ, ತೂಕ ನೋಡಿ, ಡಾಕ್ಟರ ಕೈಯಿಂದ. ಪೂರ್ತಿ ಆರಿದ ಮೇಲೆಯೇ ಮರಿಗಳನ್ನು ತಾಯಿಗೆ ಬಿಡಿ.

ಆದರೆ ನಿಮ್ಮ ನಿಜವಾದ ಕೆಲಸ ಇರುವುದು ದೊಡ್ಡಿಯಲ್ಲಿ. ನಾಯಿಯ ಮೈಮೇಲೆ ಕಾಣುವ ಚಿಗಟ ಒಟ್ಟು ಲೆಕ್ಕದ ಇಪ್ಪತ್ತರಲ್ಲಿ ಒಂದು ಪಾಲು ಅಷ್ಟೇ. ಉಳಿದದ್ದು ಮೊಟ್ಟೆ, ಹುಳ, ಗೂಡು ಆಗಿ ಕಣಕಿ, ಹೊಟ್ಟು, ಕೌದಿಯ ಮಡಿಕೆಯಲ್ಲಿ ಇರುತ್ತದೆ. ಒಂದು ಹೆಣ್ಣು ಚಿಗಟ ದಿನಕ್ಕೆ ನಲವತ್ತು ಐವತ್ತು ಮೊಟ್ಟೆ ಇಡುತ್ತದೆ. ನಾಯಿ ಮೈ ಕೊಡವಿದಾಗ ಅವು ಉದುರುತ್ತವೆ. ತಾಯಿಯನ್ನೂ ಮರಿಗಳನ್ನೂ ದೊಡ್ಡಿಯಿಂದ ಹೊರಗೆ, ಗಟ್ಟಿ ನೆಲದ, ಒಣ ಜಾಗಕ್ಕೆ ತನ್ನಿ. ಹಳೇ ಕೌದಿ ಸುಟ್ಟುಬಿಡಿ. ಮನಸ್ಸಾಗದಿದ್ದರೆ ಕುದಿಯುವ ನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಿ. ದಿನಾ ಬದಲಿಸುವಂತೆ ಹಳೇ ಧೋತರದ ಚೂರು ಹಾಸಿ. ದೊಡ್ಡಿಯ ಕಸ ಪೂರ್ತಿ ಬಳಿದು ತಿಪ್ಪೆಗೆ ಹಾಕಿ, ನೆಲ ಒಣಗಲು ಬಿಡಿ. ಚಿಗಟದ ಹುಳಕ್ಕೆ ತೇವ ಬೇಕು, ಒಣ ಬಿಸಿಲು ಅದಕ್ಕೆ ಸಾವು. ಗೂಡಿನೊಳಗೆ ಇರುವವು ಮಾತ್ರ ತಿಂಗಳುಗಟ್ಟಲೆ ತಡೆಯುತ್ತವೆ, ಹೆಜ್ಜೆಯ ಅದುರಿಗೆ ಹೊರಗೆ ಹಾರುತ್ತವೆ. ಆದ್ದರಿಂದ ಕಮ್ಮಿ ಅಂದರೂ ಮೂರು ತಿಂಗಳ ಕೆಲಸ ಅಂತ ಇಟ್ಟುಕೊಳ್ಳಿ. ಮರಿಗಳು ದೊಡ್ಡವಾದ ಮೇಲೆ ಹಿಂಬದಿಯಲ್ಲಿ ಅಕ್ಕಿ ಕಾಳಿನಂಥದ್ದು ಅಂಟಿಕೊಂಡಿದ್ದರೆ ಅದು ಲಾಡಿ ಹುಳ. ಚಿಗಟ ನುಂಗಿದ್ದರಿಂದ ಬರುವಂಥದ್ದು. ಆಗ ಜಂತಿನ ಔಷಧ ಬೇಕು.

ಪ್ರಶ್ನೆ: ನಾಲ್ಕು ತಿಂಗಳ ಲ್ಯಾಬ್ರಡಾರ್, 14 ಕೆಜಿ. ಡಾಕ್ಟರು ಉಣ್ಣಿಗೆ ಅಗಿಯುವ ಮಾತ್ರೆ ಬರೆದಿದ್ದಾರೆ. ಅದರಿಂದ ನಾಯಿಗೆ ಫಿಟ್ಸ್ ಬರುತ್ತದೆಂದು ಮೊಬೈಲಿನಲ್ಲಿ ಓದಿ ಗಾಬರಿಯಾಗಿದೆ. ಮಾತ್ರೆ ಬಿಟ್ಟು ಕುತ್ತಿಗೆ ಮೇಲೆ ಹಾಕುವ ಪರ್ಮೆಥ್ರಿನ್ ಹನಿ ತರಲೇ? ಮನೆಯಲ್ಲಿ ಬೆಕ್ಕೂ ಇದೆ.
— ಓದುಗರು, ವಿಜಯಪುರ

ಉತ್ತರ: ನೀವು ಓದಿದ್ದು ಸುಳ್ಳಲ್ಲ, ಅರ್ಧ. ಆ ಅಗಿಯುವ ಮಾತ್ರೆಗಳಲ್ಲಿ ಬರುವ ಅಫಾಕ್ಸೊಲೇನರ್, ಫ್ಲುರಲೇನರ್, ಸರೊಲೇನರ್, ಲೊಟಿಲೇನರ್ ಇವೆಲ್ಲ ಒಂದೇ ಮನೆತನದವು. 2018ರ ಸೆಪ್ಟೆಂಬರಿನಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಈ ಮನೆತನದ ಬಗ್ಗೆ ಎಚ್ಚರಿಕೆ ಕೊಟ್ಟಿತು: ಕೆಲವು ನಾಯಿ ಬೆಕ್ಕುಗಳಲ್ಲಿ ಮೈ ನಡುಕ, ತೂರಾಟ, ಫಿಟ್ಸ್ ಕಂಡಿವೆ ಅಂತ. ಬಹುತೇಕ ಪ್ರಾಣಿಗಳಿಗೆ ಇವು ಸುರಕ್ಷಿತ ಎಂದೂ ಅದೇ ಹೇಳಿಕೆಯಲ್ಲಿತ್ತು. ಮೊಬೈಲಿನಲ್ಲಿ ಆ ಸಾಲು ಬಿದ್ದುಹೋಗಿರುತ್ತದೆ. ನಿಮ್ಮ ನಾಯಿಗಾಗಲಿ, ಗೊತ್ತಿದ್ದರೆ ಅದರ ತಾಯಿ ತಂದೆಗಾಗಲಿ ಫಿಟ್ಸ್ ಬಂದದ್ದುಂಟೇ? ಇದ್ದರೆ ಡಾಕ್ಟರಿಗೆ ಮೊದಲೇ ಹೇಳಿ, ಅವರು ಬೇರೆ ದಾರಿ ನೋಡುತ್ತಾರೆ. ಇಲ್ಲವಾದರೆ ನಾನಾಗಿದ್ದರೂ ಆ ಮಾತ್ರೆಯನ್ನೇ ಬರೆಯುತ್ತಿದ್ದೆ.

ವಯಸ್ಸಿನ ಲೆಕ್ಕ ಇಲ್ಲೂ ಇದೆ. ಅಫಾಕ್ಸೊಲೇನರ್ ಎಂಟು ವಾರದಿಂದ, ಸುಮಾರು ಎರಡು ಕೆಜಿಯಿಂದ. ಮೂರು ತಿಂಗಳು ತಡೆಯುವ ಫ್ಲುರಲೇನರ್ ಮಾತ್ರೆಗೆ ಯುರೋಪಿನ ಚೀಟಿಯಲ್ಲಿ ಎಂಟು ವಾರ ಎಂದಿದ್ದರೆ ಅಮೆರಿಕದ ಚೀಟಿಯಲ್ಲಿ ಆರು ತಿಂಗಳು ಎಂದಿದೆ. ಒಂದೇ ಔಷಧ, ಎರಡು ದೇಶ, ಎರಡು ಗೆರೆ. ಬೆಳೆಯುವ ಮರಿಯ ತೂಕ ತಿಂಗಳು ತಿಂಗಳಿಗೆ ಏರುವುದರಿಂದ ಮೊದಲ ಸಲಕ್ಕೆ ಒಂದು ತಿಂಗಳ ಮಾತ್ರೆಯೇ ವಾಸಿ ಅನ್ನುವುದು ನನ್ನ ಅಭಿಪ್ರಾಯ. ಏನಾದರೂ ಹೆಚ್ಚುಕಡಿಮೆ ಆದರೂ ಮೂರು ತಿಂಗಳು ಮೈಯಲ್ಲಿ ಇರುವುದಿಲ್ಲ. ಊಟದ ಜೊತೆ ಕೊಡಿ, ಮೊದಲ ದಿನ ನಿಮ್ಮ ಕಣ್ಣೆದುರು ಇರಲಿ. ಭಾನುವಾರ ರಾತ್ರಿ ಕೊಡಬೇಡಿ, ಡಾಕ್ಟರು ಸಿಗುವ ದಿನದ ಬೆಳಿಗ್ಗೆ ಕೊಡಿ. ಮಾತ್ರೆ ಕೊಟ್ಟ ಮೇಲೂ ಉಣ್ಣಿ ಹತ್ತುತ್ತವೆ. ಕಚ್ಚಿ ರಕ್ತ ಕುಡಿದ ಮೇಲೆಯೇ ಅವು ಸಾಯುವುದು.

ಇನ್ನು ಪರ್ಮೆಥ್ರಿನ್. ನಾಯಿ ತಡೆಯುತ್ತದೆ, ಬೆಕ್ಕು ತಡೆಯುವುದಿಲ್ಲ. ಅದನ್ನು ಒಡೆಯುವ ಶಕ್ತಿ ಬೆಕ್ಕಿನ ಯಕೃತ್ತಿಗೆ ಬಹಳ ಕಡಿಮೆ. ಹನಿ ಹಾಕಿದ ನಾಯಿಯ ಬೆನ್ನಿಗೆ ಬೆಕ್ಕು ಒರಗಿ ಮಲಗಿದರೂ ಸಾಕು, ಕಿವಿ ಅದುರಲು ಶುರುವಾಗಿ ಮೈಯೆಲ್ಲ ನಡುಗಿ ಫಿಟ್ಸ್ ಬರಬಹುದು. ಬೆಕ್ಕಿರುವ ಮನೆಗೆ ಅದನ್ನು ತರಲೇಬೇಡಿ.

ಪ್ರಶ್ನೆ: ಕುರಿಗೆ ಹಾಕುವ ಐವರ್‌ಮೆಕ್ಟಿನ್ ಇಂಜೆಕ್ಷನ್ನು ಅರ್ಧ ಮಿಲಿ ನಾಯಿಮರಿಯ ಬಾಯಿಗೆ ಬಿಟ್ಟರೆ ಉಣ್ಣಿ, ಚಿಗಟ, ಜಂತು ಮೂರೂ ಹೋಗುತ್ತವೆ ಎನ್ನುತ್ತಾರೆ. ಹೌದೇ? ಮರಿ ಮೂರು ಕೆಜಿ ಇದೆ.
— ಓದುಗರು, ಇಳಕಲ್ಲ

ಉತ್ತರ: ಹಾಳೆ ಪೆನ್ನು ತಗೊಳ್ಳಿ. ಆ ಬಾಟಲಿ 1 ಪ್ರತಿಶತದ್ದು, ಅಂದರೆ ಒಂದು ಮಿಲಿಯಲ್ಲಿ 10 ಮಿಲಿಗ್ರಾಂ. ಅರ್ಧ ಮಿಲಿಯಲ್ಲಿ 5. ಕುರಿಗೆ ಕೊಡುವುದೇ ಕೆಜಿಗೆ 0.2 ಮಿಲಿಗ್ರಾಂ. ಆ ಲೆಕ್ಕವನ್ನೇ ಹಿಡಿದರೂ ನಿಮ್ಮ ಮರಿಗೆ 0.6 ಆಯಿತು. ಅವರು ಹೇಳುತ್ತಿರುವುದು ಅದರ ಎಂಟು ಪಟ್ಟಿಗೂ ಮೇಲೆ. ಮರಿಯ ಮಿದುಳಿಗೆ ಇರುವ ತಡೆ ಇನ್ನೂ ಗಟ್ಟಿಯಾಗಿರುವುದಿಲ್ಲ, ಔಷಧ ಒಳಗೆ ನುಗ್ಗಿದರೆ ತೂರಾಡುತ್ತದೆ, ಕಣ್ಣು ಕಾಣದಂತಾಗುತ್ತದೆ, ಪ್ರಜ್ಞೆ ತಪ್ಪುತ್ತದೆ. ಇದಕ್ಕೇ ಅಂತ ಮಾರು ಔಷಧ ಇಲ್ಲ, ದಿನಗಟ್ಟಲೆ ಸಲೈನ್ ಹಚ್ಚಿ ಕಾಯುವುದೊಂದೇ. ಕೋಲಿಯಂಥ ಕೆಲವು ತಳಿಗಳಿಗೆ ಹುಟ್ಟಿನಿಂದಲೇ ಆ ತಡೆಯಲ್ಲಿ ದೋಷ ಇರುತ್ತದೆ, ಅದಕ್ಕೆ ಕಾರಣವಾದ ಜೀನನ್ನು 2001ರಲ್ಲಿ ಗುರುತಿಸಿದರು. ಬೀದಿಯಿಂದ ತಂದ ಮಿಶ್ರ ತಳಿಯ ಮರಿಯ ಅಜ್ಜ ಯಾರೋ ಯಾರಿಗೆ ಗೊತ್ತು! ಇಷ್ಟು ಮಾಡಿಯೂ ಚಿಗಟಕ್ಕೆ ಐವರ್‌ಮೆಕ್ಟಿನ್ ಅಷ್ಟಕ್ಕಷ್ಟೇ.

ಪ್ರಶ್ನೆ: ನಾನು ದ್ರಾಕ್ಷಿ ಬೆಳೆಗಾರ. ನಾಯಿಗೆ ಹೊಡೆಯುವ ಫಿಪ್ರೊನಿಲ್ ಸ್ಪ್ರೇ ತುಟ್ಟಿ. ನನ್ನ ತೋಟದ ಕೋಣೆಯಲ್ಲಿ ಅದೇ ಫಿಪ್ರೊನಿಲ್ 5 ಪ್ರತಿಶತದ್ದು ಲೀಟರ್ ಬಾಟಲಿ ಇದೆ. ಒಟ್ಟು ಇಪ್ಪತ್ತು ಪಟ್ಟು ಆಗುವಂತೆ ನೀರು ಬೆರೆಸಿದರೆ 0.25 ಆಗುತ್ತದೆ. ಏನು ತಪ್ಪು?
— ರೈತ, ತಿಕೋಟಾ

ಉತ್ತರ: ಗಣಿತಕ್ಕೆ ನೂರಕ್ಕೆ ನೂರು ಅಂಕ. ಆದರೆ ಬೆಳೆಗೆ ಹೊಡೆಯುವ ಎಣ್ಣಿ ಬಾಟಲಿಯಲ್ಲಿ ಫಿಪ್ರೊನಿಲ್ 5 ಭಾಗವಾದರೆ ಉಳಿದ 95 ಭಾಗ ಏನು? ಎಲೆಗೆ ಅಂಟಲು, ನೀರಿನಲ್ಲಿ ತೇಲಲು, ಬಿಸಿಲಿಗೆ ತಡೆಯಲು ಹಾಕಿದ್ದು. ಅದನ್ನು ಎಲೆಯ ಮೇಲೆ ಪರೀಕ್ಷೆ ಮಾಡಿದ್ದಾರೆ, ನೆಕ್ಕಿಕೊಳ್ಳುವ ಮರಿಯ ಮೇಲೆ ಅಲ್ಲ. ನಿಮ್ಮ ಕೋಣೆಯಲ್ಲಿ ಅದರ ಪಕ್ಕದಲ್ಲೇ ಕ್ಲೋರ್‌ಪೈರಿಫಾಸ್ ಅನ್ನುವ ಇನ್ನೊಂದು ಕೀಟನಾಶಕ ಕೂಡ ಇರಬಹುದು. ಅಳತೆಯ ಮಗ್ಗು ಎರಡಕ್ಕೂ ಒಂದೇ ತಾನೇ? ಕ್ಲೋರ್‌ಪೈರಿಫಾಸ್ ತಾಗಿದ ಮರಿ ಜೊಲ್ಲು ಸುರಿಸಿ, ಪಾಪೆ ಸೂಜಿಮೊನೆಯಷ್ಟಾಗಿ, ಸ್ನಾಯು ಅದುರಿ ಬೀಳುತ್ತದೆ. ಆಗ ಅಟ್ರೋಪಿನ್ ಬೇಕು, ಅದೂ ಬೇಗ. ವಾಂತಿ ಮಾಡಿಸಲು ಉಪ್ಪುನೀರು ಕುಡಿಸಬೇಡಿ, ಮೈ ತೊಳೆದು, ಬಾಟಲಿಯನ್ನು ಜೊತೆಗೆ ಹಿಡಿದುಕೊಂಡು ಡಾಕ್ಟರಲ್ಲಿಗೆ ಓಡಿ. 1962ಕ್ಕೆ ಫೋನ್ ಮಾಡಿದರೆ ಪಶು ಆಂಬುಲೆನ್ಸ್ ಬರುತ್ತದೆ. ಹಳೇ ಕಾಲದ ಬಿಎಚ್‌ಸಿ ಅನ್ನುವ ಕೀಟನಾಶಕ ಪುಡಿ ಯಾವುದೋ ಡಬ್ಬಿಯಲ್ಲಿ ಉಳಿದಿದ್ದರೆ ಅದನ್ನೂ ಮುಟ್ಟಬೇಡಿ, 1997ರಲ್ಲೇ ಅದು ನಿಷೇಧವಾಗಿದೆ.

ಬೇವಿನೆಣ್ಣೆ, ಕರ್ಪೂರ, ಬೆಳ್ಳುಳ್ಳಿ ರಸ ಅಂತ ಬರೆದ ಉಳಿದ ನಾಲ್ವರಿಗೆ ಇಲ್ಲೇ ಒಟ್ಟಿಗೆ ಹೇಳಿಬಿಡುತ್ತೇನೆ. ಮರಿ ನೆಕ್ಕುತ್ತದೆ. ಕರ್ಪೂರ ಹೊಟ್ಟೆಗೆ ಹೋದರೆ ಫಿಟ್ಸ್, ಬೆಳ್ಳುಳ್ಳಿ ಹೆಚ್ಚಾದರೆ ರಕ್ತದ ಕೆಂಪು ಕಣ ಒಡೆಯುತ್ತವೆ. ಉಣ್ಣಿ ಮೊದಲೇ ರಕ್ತ ಕುಡಿದಿರುತ್ತದೆ. ಮನೆಮದ್ದು ಅಂದ ಮಾತ್ರಕ್ಕೆ ಮರಿಯ ಹೊಟ್ಟೆಗೆ ಅದು ಮನೆಯದಾಗುವುದಿಲ್ಲ.

ಪ್ರಶ್ನೆ: ಡಾಕ್ಟರ್ ಅಜ್ಜಾ, ನಾನು ಆರನೇ ತರಗತಿ. ನಮ್ಮ ಮರಿಯ ಮೈಯಿಂದ ಹದಿನೆಂಟು ಉಣ್ಣಿ ತೆಗೆದೆ. ಊದುಬತ್ತಿ ತಾಗಿಸಿದರೆ ತಾವೇ ಬಿಡುತ್ತವೆ ಅಂತ ಗೆಳೆಯ ಹೇಳಿದ. ಮಾಡಲಾ?
— ಬೆಳಗಾವಿ

ಉತ್ತರ: ಬೇಡ ತಮ್ಮಾ. ಉಣ್ಣಿಗೆ ಬಿಸಿ ತಾಗಿದರೆ ಹೊಟ್ಟೆಯಲ್ಲಿ ಇದ್ದದ್ದನ್ನು ಗಾಯದೊಳಗೇ ಕಾರಬಹುದು, ಮರಿಯ ಚರ್ಮವೂ ಸುಡುತ್ತದೆ. ಸೀಮೆಎಣ್ಣೆಯೂ ಬೇಡ. ಚಿಮಟದಿಂದ ಹಿಡಿಯುವುದನ್ನು ಲೋಕಾಪುರದ ಅಕ್ಕನಿಗೆ ಮೇಲೆ ಬರೆದಿದ್ದೇನೆ, ಓದಿಕೋ. ತೆಗೆದ ಮೇಲೆ ಕೈ ತೊಳೆ. ಸಂಜೆ ಒಬ್ಬನೇ ತೆಗೆಯಬೇಡ, ಅವ್ವನೋ ಅಪ್ಪನೋ ಮರಿಯ ತಲೆ ಹಿಡಿದುಕೊಳ್ಳಲಿ. ಮರಿಯ ಹೆಸರು, ವಯಸ್ಸು, ತೂಕ ಯಾವುದನ್ನೂ ನೀನು ಬರೆದಿಲ್ಲ. ಮೂರನ್ನೂ ಒಂದು ಕಾರ್ಡಿನಲ್ಲಿ ಬರೆದು ಕಳಿಸು, ಹೊಸದಾಗಿ ಎಷ್ಟು ಸಿಕ್ಕವು ಅನ್ನೋದನ್ನೂ.